ಉಗುರುಬಣ್ಣದ ಗುರುತು

ಅನುಮಾನದ ಅಕ್ಕ ಎಂದು ಅವಳಿಗೆ ಹೆಸರಿಟ್ಟವನು ಒಡಹುಟ್ಟಿದ ತಮ್ಮನೇ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅಕ್ಕ ನೀರನ್ನೂ ಊದಿ ಕುಡಿಯುವವಳು. ಆದರೆ ಬಾಯಿ ಸುಟ್ಟದ್ದೂ ಸುಳ್ಳಲ್ಲ. ಮದುವೆಯಾದ ಹೊಸದರಲ್ಲಿ ತನ್ನ ಮೊದಲ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಿದ್ದಳು. ಅಂಗಡಿಯವನು ಒಳಗಿದ್ದ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಎತ್ತಿಟ್ಟುಕೊಂಡು, "ಇದ್ದಿದ್ದೇ ಒಂದಲ್ವಾ ಮೇಡಂ?" ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದ. ತನ್ನದೆಂದು ಸಾಧಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಅಂದಿನಿಂದ ಅವಳ ಮನೆಯ ಯಾವ ವಸ್ತುವೂ ಗುರುತಿಲ್ಲದೆ ರಿಪೇರಿಗೆ ಹೋಗಿಲ್ಲ. ಮಿಕ್ಸಿಯ ಮೋಟರು, ಫ್ಯಾನಿನ ಕಂಡೆನ್ಸರು, ಫೋನಿನ ಬ್ಯಾಟರಿ, ಎಲ್ಲಕ್ಕೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಉಗುರುಬಣ್ಣದ ಒಂದು ಬೊಟ್ಟು. ಅವಳ ಗಂಡನಿಗೆ, ಅಂದರೆ ತಮ್ಮನ ಭಾವನಿಗೆ, ಹರ್ನಿಯಾ ಆಪರೇಷನ್ ಆದಾಗ, "ನನ್ನ ಬೆನ್ನಿಗೂ ಒಂದು ಬೊಟ್ಟು ಇಟ್ಟು ಕಳಿಸೇ. ಆಸ್ಪತ್ರೆಯವರು ಬೇರೆ ಗಂಡನ್ನ ಕೊಟ್ಟು ಕಳಿಸಿಬಿಟ್ಟಾರು" ಎಂದು ಅವರು ಸ್ಟ್ರೆಚರಿನ ಮೇಲೆ ಮಲಗಿಯೇ ನಗಾಡಿದ್ದರು.

ಇಂಥವಳು ನಲವತ್ತೆರಡನೆಯ ವಯಸ್ಸಿಗೆ ಪರದೇಶಕ್ಕೆ ಬಂದಳು. ಕೆಲಸ ಸಿಕ್ಕಿದ್ದು ಅವಳಿಗೆ. ಭಾವ ಮತ್ತು ಒಂಬತ್ತನೇ ಕ್ಲಾಸಿನ ಮಗಳು ಅವಳ ಕೆಲಸದ ಪರವಾನಗಿಯ ಸೆರಗು ಹಿಡಿದು ಬಂದವರು. ಕಣ್ಣು ಕಾಣದ ಮಕ್ಕಳ ಒಂದು ಸಣ್ಣ ಶಾಲೆ. ಪಠ್ಯಪುಸ್ತಕವನ್ನು ಕಂಪ್ಯೂಟರಿನಲ್ಲಿ ಬ್ರೈಲ್ ಲಿಪಿಗೆ ತಿರುಗಿಸಿ, ಪುಟಪುಟವನ್ನೂ ತಿದ್ದಿ, ದಪ್ಪ ಕಾಗದದಲ್ಲಿ ಚುಕ್ಕೆ ಎಬ್ಬಿಸುವ ಯಂತ್ರಕ್ಕೆ ಕಳಿಸುವುದು ಅವಳ ಕೆಲಸ. ಸ್ವಂತ ಊರಿನಲ್ಲಿ ಹದಿನೈದು ವರ್ಷ ಇದನ್ನೇ ಮಾಡಿದ್ದಳು. ಭಾಷೆ ಬೇರೆಯಾದರೂ ಬ್ರೈಲಿನ ಚುಕ್ಕೆಗಳು ಆರೇ ತಾನೇ ಎಂದು ಧೈರ್ಯ ಮಾಡಿ ಬಂದಿದ್ದಳು. ಬಂದ ಮೇಲೆ ಒಪ್ಪಿಸಿದ ಮೊದಲ ಪುಸ್ತಕ ಭೂಗೋಳ. ಅದರಲ್ಲಿ ಅರವತ್ತು ನಕ್ಷೆ. ನದಿಗೆ ಒಂದು ಬಗೆಯ ಗೆರೆ, ಗಡಿಗೆ ಇನ್ನೊಂದು, ಬೆಟ್ಟಕ್ಕೆ ಒತ್ತಾದ ಚುಕ್ಕೆ. ಬೆರಳಿಗೆ ಒಂದಕ್ಕೊಂದು ಕಲಸಿಹೋಗಬಾರದು. ಐದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಮುಗಿಸಿದ್ದಳು. ಹನ್ನೊಂದು ಮಕ್ಕಳು ಆ ಪುಸ್ತಕಕ್ಕೆ ಕಾಯುತ್ತಿದ್ದರು.

ಮೊದಲ ವಾರವೇ ಹೆಡ್‌ಮಿಸ್ ಹೇಳಿದ್ದರು: "ಲ್ಯಾಪ್‌ಟಾಪ್ ಶಾಲೆದು, ಜವಾಬ್ದಾರಿ ನಿಮ್ಮದು. ಬಿಚ್ಚೋ ಕೆಲಸ ರಿಪೇರಿಯವರದ್ದು, ನಮ್ಮದಲ್ಲ. ಮತ್ತೆ ಹೊರಗಿನ ಡಿಸ್ಕ್ ಒಂದು ತಗೊಂಡು ಎಲ್ಲಾದಕ್ಕೂ ಕಾಪಿ ಇಡಿ."

ಅಕ್ಕ ಆಯ್ತು ಎಂದಳು. ಐದು ತಿಂಗಳು ಆ ಡಿಸ್ಕನ್ನು ಹುಡುಕಿದಳು. ಒಂದು ಅಂಗಡಿಯಲ್ಲಿ ಪ್ಯಾಕೆಟ್ಟಿನ ಅಂಚು ಎರಡು ಸಲ ಅಂಟಿಸಿದಂತೆ ಕಂಡಿತು. ಇನ್ನೊಂದರಲ್ಲಿ ಬೆಲೆ ತೀರ ಕಡಿಮೆ, ಅಂದರೆ ನಕಲಿ. ಮತ್ತೊಂದರಲ್ಲಿ ಜಾಸ್ತಿ, ಅಂದರೆ ಹೊಸ ಮುಖ ನೋಡಿ ಏರಿಸಿದ್ದಾರೆ. "ಒಂದು ಡಿಸ್ಕಿಗೆ ಇಷ್ಟು ವರಾನ್ವೇಷಣೆ ಮಾಡಿದ್ರೆ ಹೇಗೆ ಕಣೇ? ನನ್ನ ನೋಡೋಕೆ ಒಂದೇ ಸಲ ಬಂದಿದ್ರಿ" ಎಂದರು ಭಾವ. "ಅದಕ್ಕೇ ಈಗ ಹುಷಾರಾಗಿದೀನಿ" ಎಂದಳು ಅಕ್ಕ. ಇಬ್ಬರೂ ನಕ್ಕರು. ಡಿಸ್ಕ್ ಮಾತ್ರ ಬರಲಿಲ್ಲ.

ಮುಂದಿನ ಸೋಮವಾರ ಅಚ್ಚು ಶುರುವಾಗಬೇಕು ಎನ್ನುವ ವಾರ, ಮಂಗಳವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಗುಂಡಿ ಒತ್ತಿದಳು, ಚಾರ್ಜರ್ ತೆಗೆದು ಹಾಕಿದಳು, ಬೇರೆ ಪ್ಲಗ್ಗಿಗೆ ಚುಚ್ಚಿದಳು. ಒಂದು ಮಿಣುಕು ದೀಪವೂ ಇಲ್ಲ. ಹೆಡ್‌ಮಿಸ್ ಬಾಗಿಲಲ್ಲೇ ನಿಂತು, "ಕಾಪಿ ಇದೆಯಲ್ಲ?" ಎಂದರು.

"ಇದೆ" ಎಂದುಬಿಟ್ಟಳು ಅಕ್ಕ. ಭಯ ಅವಳಿಗಿಂತ ಮುಂಚೆ ಬಾಯಿ ತೆರೆದಿತ್ತು. ಆಮೇಲೆ ಕೂತು ಲೆಕ್ಕ ಹಾಕಿದಳು. ಪುಸ್ತಕ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಮೂವರ ಪರವಾನಗಿಯೂ ಹೋಯಿತು. ಮಗಳು ಈಗಷ್ಟೇ ಆ ಊರಿನ ಭಾಷೆಯಲ್ಲಿ ಗೆಳತಿಯರ ಜೊತೆ ಜಗಳ ಆಡುವಷ್ಟು ಕಲಿತಿದ್ದಳು.

ಮಧ್ಯಾಹ್ನ ಅಂಗಡಿಗಳನ್ನು ಸುತ್ತಿದಳು. ಗಾಜಿನ ಬಾಗಿಲಿನ ದೊಡ್ಡ ಅಂಗಡಿಯಲ್ಲಿ ಟೋಕನ್ ಕೊಟ್ಟು, ಒಂದು ಫಾರಂ ಮುಂದಿಟ್ಟರು. ಒಳಗಿರುವುದೆಲ್ಲ ಅಳಿಸಿಹೋದರೂ ನಾವು ಹೊಣೆಯಲ್ಲ ಎಂದು ಅದರಲ್ಲಿತ್ತು. ಅವಳು ಪೆನ್ನನ್ನು ಅಲ್ಲೇ ಇಟ್ಟು ಎದ್ದಳು. ಬಸ್ ನಿಲ್ದಾಣದ ಪಕ್ಕದವನು ಏನಾಗಿದೆ ಎಂದೂ ಕೇಳದೆ, "ಬಿಟ್ಟು ಹೋಗಿ, ಸಂಜೆ ರೆಡಿ" ಎಂದ. ಕೇಳದೆ ವಾಸಿಮಾಡುವ ವೈದ್ಯನ ಹತ್ತಿರ ಅಕ್ಕ ನಿಂತವಳೇ ಅಲ್ಲ.

ಕೊನೆಗೆ ದಾರಿ ಹೇಳಿದವರು ಶಾಲೆಯ ತಿದ್ದುವ ಮೇಷ್ಟ್ರು. ಅವಳು ಮಾಡಿದ ಪುಟಗಳನ್ನು ಬೆರಳಿನಿಂದ ಓದಿ ತಪ್ಪು ಹಿಡಿಯುವುದು ಅವರ ಕೆಲಸ. ಹುಟ್ಟಿನಿಂದ ಅವರಿಗೆ ಕಣ್ಣು ಕಾಣದು. "ಲಾಂಡ್ರಿ ಪಕ್ಕದಲ್ಲಿ ಒಬ್ಬರಿದ್ದಾರೆ. ನನ್ನ ಮಾತಾಡೋ ಕಂಪ್ಯೂಟರನ್ನ ನೋಡ್ಕೊಳ್ಳೋದು ಅವರೇ."

"ನಂಬಬಹುದಾ, ಸರ್?"

"ನನಗೆ ಕಾಣಲ್ಲ ಮೇಡಂ. ಮೋಸ ಮಾಡ್ಬೇಕು ಅಂತಿದ್ರೆ ಅವರಿಗೆ ಎಂಟು ವರ್ಷ ಟೈಮಿತ್ತು."

ಇದಕ್ಕಿಂತ ಒಳ್ಳೆಯ ಶಿಫಾರಸು ಯಾರಿಗೆ ಬೇಕು? ಬೇರೆ ಯಾರೇ ಆಗಿದ್ದರೂ ನೇರ ಹೋಗಿ ಕೊಟ್ಟು ಬರುತ್ತಿದ್ದರು. ಅಕ್ಕ ಬುಧವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಭಾವನ ಸಣ್ಣ ಸ್ಕ್ರೂಡ್ರೈವರಿನಿಂದ ಬಿಚ್ಚಿದಳು. ಮಗಳ ಮರೂನ್ ಉಗುರುಬಣ್ಣದ ಸೀಸೆ ಪಕ್ಕದಲ್ಲಿತ್ತು. ಫ್ಯಾನಿಗೊಂದು, ಬ್ಯಾಟರಿಗೊಂದು, ಎರಡು ಮೆಮೊರಿ ಪಟ್ಟಿಗೆ ಒಂದೊಂದು. ಪುಸ್ತಕವಿದ್ದ ಡಿಸ್ಕು ಚೂಯಿಂಗ್ ಗಮ್ಮಿನಷ್ಟೇ ಉದ್ದದ ತೆಳ್ಳನೆಯ ಪಟ್ಟಿ. ಅದನ್ನು ಹೊರಗೆಳೆದು, ತುದಿಯಲ್ಲಿ ಸಾಲಾಗಿದ್ದ ಬಂಗಾರದ ಬಣ್ಣದ ಹಲ್ಲುಗಳ ಹತ್ತಿರವೇ ಬೊಟ್ಟಿಟ್ಟಳು. ಬೇರೆಲ್ಲಾದರೂ ಇಟ್ಟರೆ ಕಳ್ಳನ ಕಣ್ಣಿಗೆ ಬೀಳುತ್ತದಲ್ಲ! ಹೊರಗೆ ಬಸ್ಸಿನ ಹೊತ್ತಾಗಿತ್ತು. ಒಣಗಲು ಎರಡು ಸಲ ಊದಿ, ಹಲ್ಲುಗಳನ್ನು ಅದರ ಗೂಡಿಗೆ ಸೇರಿಸಿ ಮುಚ್ಚಿ, ಸೀಸೆಯನ್ನು ಅವಸರದಲ್ಲಿ ಬ್ಯಾಗಿಗೆ ಹಾಕಿಕೊಂಡಳು.

ಆ ಅಂಗಡಿ ಮೆಟ್ಟಿಲಿನ ಕೆಳಗೆ ಸಂದಿಯಷ್ಟಗಲ ಇತ್ತು. ರಿಪೇರಿಯವರು ಅರವತ್ತು ದಾಟಿದವರು, ಹಣೆಗೆ ಪಟ್ಟಿ ಕಟ್ಟಿ ಭೂತಗನ್ನಡಿ ಇಳಿಬಿಟ್ಟುಕೊಂಡಿದ್ದರು. ಚಾರ್ಜರ್ ಚುಚ್ಚುವ ತೂತಿಗೆ ದೀಪ ಹಿಡಿದು, "ಇದು ಸಡಿಲ ಆಗಿದೆ. ಸಣ್ಣ ಕೆಲಸ. ನಾಳೆ ಬನ್ನಿ" ಎಂದು ಚೀಟಿ ಬರೆದುಕೊಟ್ಟರು. ಅಷ್ಟೇ ಮಾತು. ಮಾತು ಕಡಿಮೆಯಾದಷ್ಟೂ ಅಕ್ಕನ ಭಯ ಜಾಸ್ತಿಯಾಯಿತು. ಬಸ್ಸಿನಲ್ಲಿ ಕೂತು ಆ ಚೀಟಿಯನ್ನು ನಾಲ್ಕು ಸಲ ಓದಿದಳು.

ಗುರುವಾರ ಮೂರು ಗಂಟೆಗೆ ಹೋದಾಗ ಲ್ಯಾಪ್‌ಟಾಪಿಗೆ ಜೀವ ಬಂದಿತ್ತು, ಪರದೆ ಬೆಳಗುತ್ತಿತ್ತು. ಆದರೆ ಅದರಲ್ಲಿ ಡಿಸ್ಕ್ ಇಲ್ಲ ಎನ್ನುವ ಒಂದೇ ಸಾಲು.

"ತೂತು ಸರಿ ಮಾಡಿದೆ. ಆದ್ರೆ ಡಿಸ್ಕಿನ ಹಲ್ಲು ಸುಟ್ಟಿದೆ" ಎಂದರು ರಿಪೇರಿಯವರು. "ಕಂದು ಬಣ್ಣ ಹಿಡಿದುಬಿಟ್ಟಿದೆ. ಸ್ಪಿರಿಟ್ ಹಾಕಿ ಒರೆಸಿದೆ, ಹೋಗಲಿಲ್ಲ. ಇನ್ನು ಕರೆಂಟ್ ಕೊಡೋಕೆ ನನಗೆ ಧೈರ್ಯ ಇಲ್ಲ. ಒಳಗಿರೋದನ್ನ ತೆಗೆಯೋರು ದೊಡ್ಡ ಊರಲ್ಲಿ ಒಬ್ಬರಿದ್ದಾರೆ. ಕಳಿಸಿದ್ರೆ ಆರು ವಾರ. ಸಿಕ್ಕೇ ಸಿಗುತ್ತೆ ಅಂತ ಹೇಳಕ್ಕಾಗಲ್ಲ."

ಆರು ವಾರ! ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು.

"ನನಗಿಂತ ಮುಂಚೆ ಯಾರಾದ್ರೂ ಬಿಚ್ಚಿದ್ರಾ?"

"ಇಲ್ಲ" ಎಂದಳು. ಅದೇ ವಾರದಲ್ಲಿ ಎರಡನೆಯ ಸುಳ್ಳು.

ಅವರು ಭೂತಗನ್ನಡಿ ಕಳಚಿ ಅವಳ ಕೈಗೆ ಕೊಟ್ಟು, "ನೀವೇ ನೋಡಿ" ಎಂದು ಡಿಸ್ಕನ್ನು ದೀಪದ ಕೆಳಗೆ ಹಿಡಿದರು. ಅಕ್ಕ ಬಗ್ಗಿ ನೋಡಿದಳು. ಹಲ್ಲುಗಳ ಮೇಲೆ ದಪ್ಪಗೆ ಹರಿದು ಗಟ್ಟಿಯಾಗಿದ್ದದ್ದು ಸುಟ್ಟ ಕಲೆಯಲ್ಲ. ಅದು ಮರೂನ್. ಅವಳ ಮಗಳು ಹಟ ಮಾಡಿ ಕೊಂಡಿದ್ದ ಬಣ್ಣ. ಇಟ್ಟ ಬೊಟ್ಟು ಒಣಗುವ ಮೊದಲೇ ಹರಿದು ಹಲ್ಲುಗಳಿಗೆಲ್ಲ ಮೆತ್ತಿಕೊಂಡಿತ್ತು. ಕಳ್ಳ ಬರುತ್ತಾನೆಂದು ಹೆದರಿ ತನ್ನ ಮನೆಗೆ ತಾನೇ ಬೆಂಕಿ ಹಚ್ಚಿಕೊಂಡ ಹಾಗಾಯಿತು.

ಅವರು ಆಗಲೇ ಡಿಸ್ಕನ್ನು ಲಕೋಟೆಗೆ ಹಾಕಿ ವಿಳಾಸ ಬರೆಯತೊಡಗಿದ್ದರು. "ನಾಲ್ಕಕ್ಕೆ ಕೊರಿಯರ್‌ನವರು ಬರ್ತಾರೆ. ಇವತ್ತೇ ಹೋಗಲಿ."

ಅಕ್ಕನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಸ್ಥಿತಿ. ಹೇಳಿದರೆ ಈ ಮನುಷ್ಯ ಏನೆಂದುಕೊಳ್ಳುತ್ತಾರೆ? ನನ್ನನ್ನು ಕಳ್ಳ ಅಂದುಕೊಂಡವಳ ಕೆಲಸ ನನಗೆ ಬೇಡ ಎಂದು ಮುಖದ ಮೇಲೆ ಎಸೆದರೆ? ಶಾಲೆಗೆ ಫೋನ್ ಮಾಡಿ, ನಿಮ್ಮವರೇ ಬಿಚ್ಚಿ ಕೆಡಿಸಿದ್ದಾರೆ ಎಂದರೆ? ಹೇಳದಿದ್ದರೆ ಲಕೋಟೆ ಹೋಗುತ್ತದೆ, ಪುಸ್ತಕ ಹೋಗುತ್ತದೆ. ಹೆಡ್‌ಮಿಸ್ಸಿನ ಮುಂದೆ ಇನ್ನೂ ನಾಲ್ಕು ದಿನ ಕಾಪಿ ಇದೆ ಇದೆ ಎನ್ನಬೇಕು. ಲಕೋಟೆಯ ಬಾಯಿಗೆ ಅಂಟು ಸವರುವುದನ್ನು ನೋಡುತ್ತ ನಿಂತಳು. ಹೊರಗೆ ಒಂದು ಗಾಡಿ ನಿಂತ ಸದ್ದಾದಾಗ ಕೊರಿಯರಿನದೇ ಇರಬೇಕು ಎನಿಸಿತು.

"ಅದು ಸುಟ್ಟಿಲ್ಲ" ಎಂದಳು.

ಅವರು ತಲೆ ಎತ್ತಿದರು. ಉಗುರುಬಣ್ಣಕ್ಕೆ ಆ ಭಾಷೆಯಲ್ಲಿ ಏನೆನ್ನುತ್ತಾರೋ ಅವಳಿಗೆ ತಿಳಿಯದು. ಬ್ಯಾಗಿನಲ್ಲೇ ಉಳಿದಿದ್ದ ಸೀಸೆಯನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಸೀಸೆ ಉರುಳಿತು, ಅವರೇ ಹಿಡಿದರು. ಮುಚ್ಚಳ ತಿರುಗಿಸಿ ಬಣ್ಣ ನೋಡಿದರು, ಲಕೋಟೆ ನೋಡಿದರು, ಅವಳನ್ನು ನೋಡಿದರು.

"ನೀವು ಹಚ್ಚಿದ್ರಾ? ಯಾಕೆ?"

"ನೀವು ಒಳಗಿನದನ್ನ ಬದಲಾಯಿಸಿಬಿಡ್ತೀರೇನೋ ಅಂತ. ಗುರುತಿಗೆ."

ಅವರು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಫ್ಯಾನಿನ ಅಡಿ, ಬ್ಯಾಟರಿಯ ಮೂಲೆ, ಮೆಮೊರಿ ಪಟ್ಟಿಗಳು, ಒಂದೊಂದನ್ನೂ ದೀಪಕ್ಕೆ ಹಿಡಿದು ಬೊಟ್ಟುಗಳನ್ನು ಹುಡುಕಿದರು. ಕೊನೆಯದು ಸಿಕ್ಕಾಗ ಅವರ ಮುಖ ಇಳಿದಿತ್ತು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇಲ್ಲೇ ಇರಿ" ಎಂದು ಅವರು ಎದ್ದು, ಪಕ್ಕದ ಲಾಂಡ್ರಿಯಿಂದ ಬಣ್ಣ ಕರಗಿಸಿ ಕಲೆ ತೆಗೆಯುವ ದ್ರಾವಣವನ್ನು ಸಣ್ಣ ಬಟ್ಟಲಲ್ಲಿ ತಂದರು. ಲಕೋಟೆಯಿಂದ ಡಿಸ್ಕ್ ಹೊರತೆಗೆದು, ಕಡ್ಡಿಗೆ ಹತ್ತಿ ಸುತ್ತಿ ಅದ್ದಿ, ಒಂದೊಂದೇ ಹಲ್ಲನ್ನು ಉಜ್ಜಿದರು. ಹತ್ತಿ ಕೆಂಪಾಯಿತು, ಎಸೆದರು, ಮತ್ತೊಂದು ಸುತ್ತಿದರು. ಗೂಡಿನೊಳಗೆ ಸೇರಿದ್ದನ್ನು ಸೂಜಿಯ ಮೊನೆಯಿಂದ ಚೂರುಚೂರೇ ಕೆದಕಿ ತೆಗೆದರು. ಕೊರಿಯರ್‌ನವನು ಬಂದು, ಕಳಿಸಲು ಏನೂ ಇಲ್ಲವೆಂದು ತಿಳಿದು ಹೋದ. ಮುಕ್ಕಾಲು ಗಂಟೆಯ ಮೇಲೆ ಡಿಸ್ಕನ್ನು ಗೂಡಿಗೆ ಸೇರಿಸಿ ಗುಂಡಿ ಒತ್ತಿದರು.

ಪರದೆ ಕಪ್ಪಗಾಯಿತು. ಕಪ್ಪಗೇ ಇತ್ತು. ಅಕ್ಕ ಕಣ್ಣು ಮುಚ್ಚಿದಳು.

"ನೋಡಿ" ಎಂದರು ಅವರು.

ಭೂಗೋಳ ಇತ್ತು. ಅರವತ್ತು ನಕ್ಷೆಗಳೂ ಇದ್ದವು. ಒಂದನ್ನು ತೆರೆದಾಗ ನದಿಯ ಗೆರೆ ಗಡಿಯ ಗೆರೆಯನ್ನು ದಾಟುವ ಕಡೆ, ಬೆರಳಿಗೆ ತಿಳಿಯಲೆಂದು ತಾನು ಒಂದು ವಾರ ಒದ್ದಾಡಿ ಬಿಟ್ಟ ಸಣ್ಣ ಜಾಗ ಹಾಗೇ ಇತ್ತು. ಅಕ್ಕ ಅಲ್ಲೇ, ಗುರುತಿಲ್ಲದವರ ಮುಂದೆ, ಮೂಗು ಒರೆಸಿಕೊಳ್ಳುತ್ತ ಅತ್ತಳು.

ಅವರು ಚೀಟಿಯ ಮೇಲೆ ಕೆಲಸ ಮುಗಿಯಿತೆಂದು ಗೀಟು ಎಳೆದು, ಮೆಲ್ಲಗೆ ಹೇಳಿದರು: "ಮುಂದೆ ಏನಾದ್ರೂ ಕೆಟ್ಟರೆ ಬೇರೆ ಕಡೆ ಕೊಡಿ ಮೇಡಂ. ಹೆದರಿಕೊಂಡೋರ ಮೆಷಿನ್ ಮುಟ್ಟೋಕೆ ನನಗೂ ಹೆದರಿಕೆ."

ಪರದೇಶದಲ್ಲಿ ನೆಚ್ಚಬಹುದಾದ ಒಬ್ಬರು ಸಿಕ್ಕಿದ್ದರು. ಸಿಕ್ಕ ಮರುದಿನವೇ ಅವಳೇ ಕಳೆದುಕೊಂಡಿದ್ದಳು. ತಪ್ಪಾಯ್ತು ಎನ್ನಲು ಹೊರಟರೆ ಆ ಭಾಷೆಯ ಮಾತುಗಳೆಲ್ಲ ಮಂಗಮಾಯ. ಅವರ ಹಿಂದಿನ ಕಪಾಟಿನಲ್ಲಿ ಹೊರಗಿನ ಡಿಸ್ಕುಗಳು ಸಾಲಾಗಿದ್ದವು.

"ಒಂದು ಡಿಸ್ಕ್ ಬೇಕಿತ್ತು. ಇದನ್ನೆಲ್ಲ ಕಾಪಿ ಮಾಡೋಕೆ" ಎಂದಳು.

ಅವರು ಮೂರು ಪೆಟ್ಟಿಗೆಗಳನ್ನು ತೆಗೆದು ಮುಂದಿಟ್ಟರು. ಅಕ್ಕನ ಕೈ ಹಳೆಯ ಚಾಳಿಯಂತೆ ಪ್ಯಾಕೆಟ್ಟಿನ ಅಂಚಿಗೆ ಹೋಯಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀವೇ ಆರಿಸಿ."

ಅವರು ಮಧ್ಯದ್ದನ್ನು ಎತ್ತಿಕೊಂಡು ಪೆಟ್ಟಿಗೆ ಬಿಡಿಸಿದರು. "ನಲವತ್ತು ನಿಮಿಷ ಆಗುತ್ತೆ. ಕೂತು ಕಾಯ್ತೀರಾ?"

ಕೂತು ಕಾಯಬೇಕೆಂದು ಅವಳ ಮೈಯ ನರನರವೂ ಹೇಳುತ್ತಿತ್ತು. ಆ ಕೈಗಳ ಮೇಲೆ ಕಣ್ಣಿಟ್ಟಿರು, ಐದು ತಿಂಗಳ ದುಡಿಮೆ, ಮೂರು ಜನರ ಬದುಕು ಅಲ್ಲಿದೆ.

"ಇಲ್ಲ, ಹೊರಗಿರ್ತೀನಿ" ಎಂದಳು.

ಹೊರಗೆ ಬಂದು, ಅಂಗಡಿಯ ಗಾಜಿಗೆ ಬೆನ್ನು ಮಾಡಿ ಫುಟ್‌ಪಾತಿನಲ್ಲಿ ನಿಂತಳು. ತಿರುಗಿ ನೋಡಬೇಕೆಂದು ಎಷ್ಟೋ ಸಲ ಕುತ್ತಿಗೆ ಎಳೆಯಿತು. ಎದುರಿನ ರಸ್ತೆಯಲ್ಲಿ ಹೋಗುವ ಬಸ್ಸುಗಳ ನಂಬರ್ ಓದುತ್ತ, ಲಾಂಡ್ರಿಯಿಂದ ಬರುವ ಹಬೆಯಲ್ಲಿ ಬೆವರುತ್ತ, ನಲವತ್ತು ನಿಮಿಷವನ್ನೂ ಹಾಗೇ ಕಳೆದಳು.

ಕೊನೆಗೆ ಒಳಗಿನಿಂದ ಗಾಜು ಬಡಿದ ಸದ್ದಾಯಿತು. ಹೋದಾಗ ಅವರು ಲ್ಯಾಪ್‌ಟಾಪನ್ನೂ ಡಿಸ್ಕನ್ನೂ ಕೌಂಟರಿನ ಮೇಲಿಟ್ಟಿದ್ದರು. ಬೇರೆ ಕಡೆ ಕೊಡಿ ಎಂದಿದ್ದವರೇ ಡಿಸ್ಕಿನ ಪೆಟ್ಟಿಗೆಯ ಮೇಲೆ ಪೆನ್ನಿನಿಂದ ತಮ್ಮ ಅಂಗಡಿಯ ಫೋನ್ ನಂಬರ್ ಬರೆದು, ಓದಲು ಸುಲಭವಾಗಲೆಂದು ಅಂಕಿಗಳನ್ನು ಇನ್ನೊಮ್ಮೆ ದಪ್ಪಗೆ ತಿದ್ದುತ್ತಿದ್ದರು.