ಮೊಲಗಳ ಪಂಕ್ತಿ

ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲ್ ತುಂಬಿ ತುಳುಕುತ್ತದೆಂದು ಜ್ಞಾನೇಶ ಬಹುಕಾಲ ನಂಬಿದ್ದ. ಹಾಗಾಗಿ ತಾಯಿ ಮಾಡಿದ ಕಾಯಿಚಟ್ನಿ ಪಕ್ಕಕ್ಕೆ ಸರಿಸಿ, ತಿಪಟೂರು ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ತಿಂದು ಹೃದಯ ಕಾಪಾಡಿಕೊಳ್ಳುತ್ತಿದ್ದ. ಕೊಲೆಸ್ಟ್ರಾಲ್ ಪ್ರಾಣಿಗಳ ಸರಕು, ತೆಂಗಿನೆಣ್ಣೆಯ ಕೊಬ್ಬಿನಾಮ್ಲ ರಕ್ತದಲ್ಲಿ ಅದನ್ನು ಏರಿಸುತ್ತದೆಯೇ ಎಂಬುದಷ್ಟೇ ಪ್ರಶ್ನೆ ಎಂದು ಅವನಿಗೆ ತಿಳಿದದ್ದು, ಊರಾಚೆಯ ಖಾಸಗಿ ಸಂಶೋಧನಾಲಯದಲ್ಲಿ ಮೊಲಗಳ ಮೇಲ್ವಿಚಾರಕನಾಗಿ ಸೇರಿದ ಮೇಲೆ. ಇಂಥ ಪಂಡಿತನ ಕೈಗೆ ವಿಜ್ಞಾನವನ್ನು ಒಪ್ಪಿಸಲಾಗಿತ್ತು.

ಅವನ ಕೈಕೆಳಗೆ ಇದ್ದವರು ಶಿವರುದ್ರಮ್ಮ. ನೊಣವಿನಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು ಮೊಲಗಳಿಗೆ ಮೇವು ಹಾಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ದಾಸೋಹಗಳಲ್ಲಿ ಬಡಿಸುತ್ತ ಬದುಕು ಸಾಗಿಸಿದವರು. ಸಾಹುಕಾರನ ಎಲೆಗೂ ಕೂಲಿಯವನ ಎಲೆಗೂ ಒಂದೇ ಮಿಳ್ಳೆ ತುಪ್ಪ. ಕಣ್ಸನ್ನೆಯಲ್ಲಿ ಎರಡನೆಯದನ್ನು ಕೇಳಿದ ಸ್ವಂತ ಅಳಿಯನನ್ನೂ ದಾಟಿಕೊಂಡು ಹೋದ ಹೆಂಗಸು.

ಪ್ರಯೋಗವೇನೋ ಸರಳ. ಎದುರುಬದುರು ಎರಡು ಸಾಲು ಗೂಡು. ಒಂದು ಸಾಲಿಗೆ ತೆಂಗಿನೆಣ್ಣೆ ಬೆರೆಸಿದ ಮೇವು, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆಯದು. ಕೊನೆಗೆ ಯಾವ ಸಾಲಿನ ರಕ್ತನಾಳದಲ್ಲಿ ಹೆಚ್ಚು ಕೊಬ್ಬು ಕಟ್ಟಿದೆ ಎಂದು ನೋಡುವುದು. ನಡುವಿನ ರಕ್ತಪರೀಕ್ಷೆಯಲ್ಲಿ ಎರಡೂ ಸಾಲು ಅವಳಿಜವಳಿಯಂತೆ ಒಂದೇ ಬಂದವು. ತೆಂಗು ನಿರ್ದೋಷಿ ಎಂದು ಕೊಬ್ಬರಿ ವರ್ತಕರು ಸಿಹಿ ಹಂಚಿದರು. ಜ್ಞಾನೇಶನೂ ಲಾಡು ತಿಂದ.

ಮರುದಿನ ಅಪರೂಪಕ್ಕೆ ಮೇವಿನ ಹೊತ್ತಿಗೆ ಹೋದರೆ, ಶಿವರುದ್ರಮ್ಮ ಎರಡೂ ಡಬ್ಬದ ಮೇವನ್ನು ಒಂದೇ ಬುಟ್ಟಿಗೆ ಸುರಿದು ಕಲಸುತ್ತಿದ್ದರು.

"ಏನಮ್ಮ ಮಾಡ್ತಿದೀರಾ?"

"ಎದುರುಬದುರು ಕೂರ್ಸಿ ಒಬ್ರಿಗೊಂದು ಇನ್ನೊಬ್ರಿಗೊಂದು ಬಡ್ಸಿದ್ರೆ ಪಂಕ್ತಿಭೇದ ಕಣಪ್ಪ. ಆ ಕಡೇವು ಕೊಬ್ರೆಣ್ಣೇದು ತಿಂತಿದ್ರೆ, ಈ ಕಡೇವು ಮೂಗು ಅಲ್ಲಾಡಿಸ್ಕಂಡು ನನ್ನೇ ನೋಡ್ತವೆ."

"ಮೊಲ ಯಾವಾಗ್ಲೂ ಮೂಗು ಅಲ್ಲಾಡಿಸ್ತದೆ ಕಣಮ್ಮ."

"ನೀನ್ಯಾವಾಗ್ ನೋಡ್ದೆಲಾ, ಫ್ಯಾನ್ ಕೆಳ್ಗೆ ಕೂತ್ಕಂಡು?"

ನೋಡಿರಲಿಲ್ಲ. ಖುದ್ದಾಗಿ ನೋಡಿದೆ ಎಂದು ದಿನವೂ ಮೇಲಿನವರಿಗೆ ಹೇಳುತ್ತಿದ್ದ, ಅಷ್ಟೆ. ಮಾರನೆಯ ದಿನ ತಪಾಸಣೆಗೆ ಬರುವ ನಿರ್ದೇಶಕರಿಗೆ ಇದು ಗೊತ್ತಾದರೆ ಇಬ್ಬರ ಕೆಲಸಕ್ಕೂ ಎಳ್ಳುನೀರು. ದೊಡ್ಡ ಮನಸ್ಸಿನ ಜ್ಞಾನೇಶ ತನ್ನ ಕೆಲಸದ ಚಿಂತೆಯನ್ನಷ್ಟೇ ಮಾಡಿದ. ಸಂಜೆ ಬಸ್ಸಿನವರೆಗೂ ಆಕೆಯ ಬೆನ್ನು ಹತ್ತಿ, "ಕೇಳಿದ್ರೆ ಸರಿಯಾಗೇ ಹಾಕ್ದೆ ಅಂದ್ಬುಡಿ, ಸಾಕು" ಎಂದು ಅಂಗಲಾಚಿದ. ಶಿವರುದ್ರಮ್ಮನ ಬಾಯಲ್ಲಿ ಎಲೆಯಡಿಕೆ ಇತ್ತು. ಆಕೆ ಮಾತಾಡದ್ದನ್ನು ಅವನು ಒಪ್ಪಿಗೆ ಎಂದುಕೊಂಡ.

ನಿರ್ದೇಶಕರು ಗೂಡುಗಳ ನಡುವೆ ನಿಂತು ಕನ್ನಡಕ ತೆಗೆದರು. "ಬೇಜಾರು ಮಾಡ್ಕೋಬೇಡಿ ಅಮ್ಮ. ಆಯಾ ಸಾಲಿನ ಮೇವು ಆಯಾ ಸಾಲಿಗೇ ಹಾಕಿದ್ರಾ, ಎಲ್ಲಾದ್ರೂ ಬೆರಕೆ ಆಯ್ತಾ?"

ಅವರ ಬೆನ್ನ ಹಿಂದೆ ಜ್ಞಾನೇಶ ತಲೆಯಾಡಿಸಿ ಸನ್ನೆ ಮಾಡುತ್ತಿದ್ದ.

"ದಿನಾ ನಾನೇ ಬೆರ್ಸಿ ಹಾಕ್ದೆ ಸಾರ್" ಎಂದರು ಶಿವರುದ್ರಮ್ಮ. "ನಿಮ್ಮ ಹಿಂದೆ ನಿಂತವ್ನಲ್ಲ, ಅವನು ಸುಳ್ಳು ಹೇಳಿ ಅಂತ ನೆನ್ನೆಯಿಂದ ಗೋಗರೀತವ್ನೆ."