ಬಾಗಿಲಾಚೆ ನಿಂತ ಮಾವ

ಬೀಳಗಿಯ ಸಣ್ಣದೊಂದು ದವಾಖಾನೆಯಲ್ಲಿ ಎಕ್ಸ್-ರೇ ತೆಗೆಯುವ ಗುರುಪಾದನಿಗೆ ಒಂದು ಚಟವಿದೆ. ಹೆಣ್ಣುಮಗಳು ಒಳಗೆ ಬಂದಳೆಂದರೆ ಮಾವ, ಮೈದುನ, ಗಂಡ, ಜೊತೆಗೆ ಬಂದ ಎಲ್ಲರನ್ನೂ ಚಹಾ ಕುಡಿಯಲು ಅಟ್ಟಿಬಿಡುತ್ತಾನೆ. ಬೈದವರಿದ್ದಾರೆ. ಬೈಸಿಕೊಂಡು ನಗುತ್ತಾನೆ, ಬಾಗಿಲು ಮಾತ್ರ ಹಾಕಿಯೇ ಹಾಕುತ್ತಾನೆ. ಇದನ್ನು ಅವನಿಗೆ ಕಲಿಸಿದವಳು ಗಲಗಲಿಯ ಭಾಗ್ಯಾ.

ಕಬ್ಬಿನ ಟ್ರ್ಯಾಕ್ಟರಿನಿಂದ ಇಳಿಯುವಾಗ ಬಿದ್ದು, ಸೊಂಟ ಹಿಡಿದುಕೊಂಡು ಬಂದಿದ್ದಳು. ಹೆಗಲಿಗೆ ಕಂಬಳಿ ಹಾಕಿಕೊಂಡ ಮಾವ ಸಾಬಣ್ಣ ಪಕ್ಕದಲ್ಲೇ ನಿಂತಿದ್ದ.

“ಈ ತಿಂಗಳ ಮುಟ್ಟು ಆಗೇತೇನ್ರೀ?” ಎಂದು ಗುರುಪಾದ ಕೇಳಿದ.

ಮಾವನ ಎದುರು ಯಾವ ಸೊಸೆ ಅದಕ್ಕೆ ಬಾಯಿ ಬಿಟ್ಟಾಳು? ಭಾಗ್ಯಾ ಸೆರಗು ಕಚ್ಚಿಕೊಂಡು ಹೂಂ ಎನ್ನುವಂತೆ ತಲೆಯಾಡಿಸಿದಳು. ಅದನ್ನೇ ನಂಬಿ ನಮ್ಮ ಪುಣ್ಯಾತ್ಮ ಗುಂಡಿ ಒತ್ತಿದ.

ಎಲುಬಿಗೇನೂ ಆಗಿರಲಿಲ್ಲ. ಆದರೆ ಎರಡು ವಾರದ ಮೇಲೆ ಇಬ್ಬರೂ ಮತ್ತೆ ಬಂದರು. ಭಾಗ್ಯಾ ಬಸಿರಿ, ಎಕ್ಸ್-ರೇ ತೆಗೆದ ದಿನವೂ ಬಸಿರಿಯೇ ಆಗಿದ್ದಳು.

“ಕೂಸು ಊನ ಆಗತೈತಿ, ತೆಗಿಸಿಬಿಡ್ರಿ ಅಂತ ಓಣ್ಯಾಗ ಎಲ್ಲಾರೂ ಹೇಳಾಕತ್ತಾರ್ರೀ ಸಾಹೇಬ್ರ,” ಎಂದ ಸಾಬಣ್ಣ. ಸೊಸೆಯ ಕಡೆ ತಿರುಗಿ, “ಅವತ್ತ ಯಾಕ ಹೇಳಲಿಲ್ಲ ಯವ್ವಾ?” ಎಂದ.

“ನೀವು ಅಲ್ಲೇ ನಿಂತಿದ್ರಲ್ಲರೀ, ಮಾವಾರ,” ಎಂದಳು ಭಾಗ್ಯಾ, ನೆಲ ನೋಡುತ್ತ.

ಗುರುಪಾದನಿಗೆ ತನ್ನ ತಪ್ಪು ತಿಳಿಯಿತು. ಕೇಳಬಾರದ ಕಡೆ ಕೇಳಿದವನು ತಾನು. ಕೂಡಲೇ, ದೊಡ್ಡಾಸ್ಪತ್ರೆಯಲ್ಲಿ ಕಿರಣದ ಲೆಕ್ಕ ಹಾಕುವ ಮೇಡಮ್ಮಿಗೆ ಫೋನ್ ಮಾಡಿದ. ಯಂತ್ರದ ಶಕ್ತಿ ಎಷ್ಟಿಟ್ಟಿದ್ದಿ, ಎಷ್ಟು ದೂರದಿಂದ ತೆಗೆದಿ, ಆಕೆಯ ಸೊಂಟದ ದಪ್ಪವೆಷ್ಟು, ಮುಟ್ಟು ನಿಂತು ಎಷ್ಟು ದಿನವಾಯಿತು ಎಂದು ಅವರು ಕೇಳಿದರು. ಮೊದಲಿನೆರಡು ಯಂತ್ರದಲ್ಲೇ ಸಿಕ್ಕವು. ಉಳಿದದ್ದಕ್ಕೆ ಭಾಗ್ಯಾಳನ್ನು ಮಲಗಿಸಿ ಅಳೆಯಬೇಕಿತ್ತು, ಅವಳನ್ನೇ ಕೇಳಬೇಕಿತ್ತು. ನರ್ಸ್ ಶೈಲಾ ಟೇಪು ಹಿಡಿದು ಬಂದಳು.

ಯಾರೂ ಹೇಳುವ ಮೊದಲೇ ಸಾಬಣ್ಣ ಹೊರಗೆ ನಡೆದ. “ನಾ ಹೊರಗ ಇರತೇನಿ, ಯವ್ವಾ. ಕೇಳಿದ್ದಕ್ಕೆಲ್ಲಾ ಖರೆ ಹೇಳು,” ಎಂದು ತಾನೇ ಬಾಗಿಲು ಎಳೆದುಕೊಂಡ.

ಮಧ್ಯಾಹ್ನ ಫೋನ್ ಬಂತು. ಕೂಸಿಗೆ ತಲುಪಿದ ಕಿರಣ, ಅವರ ಅಳತೆಯಲ್ಲಿ, ಹೆಚ್ಚೆಂದರೆ ಎರಡು ಮಿಲಿಗ್ರೇ. ಚಿಂತೆ ಮಾಡಬೇಕಾದದ್ದು ನೂರರ ಸುತ್ತಮುತ್ತ ಬಂದರೆ. ಇಷ್ಟಕ್ಕೆ ಬಸಿರು ತೆಗೆಸುವ ಮಾತೇ ಬೇಡ ಎಂದರು ಮೇಡಮ್ಮು. ದವಾಖಾನೆಯ ಡಾಕ್ಟರೂ ಭಾಗ್ಯಾಳಿಗೆ ಅದನ್ನೇ ಹೇಳಿದರು. ಗುರುಪಾದ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

ಸುದ್ದಿ ಹೇಳಲು ಅವನು ಬಾಗಿಲು ತೆರೆದ. ಅತ್ತ ಗೋಡೆಗೆ ಮುಖ ಮಾಡಿ, ಕಂಬಳಿ ಮುದುಡಿ ಹಿಡಿದು ಸಾಬಣ್ಣ ನಿಂತೇ ಇದ್ದ. ಗುರುಪಾದ ಬಾಯಿ ತೆರೆಯುವಷ್ಟರಲ್ಲಿ ಭಾಗ್ಯಾ ಅವನನ್ನು ದಾಟಿ ಮುಂದೆ ಹೋದಳು. ಸೆರಗು ಹೆಗಲ ಮೇಲಿತ್ತು, ಬಾಯಲ್ಲಿರಲಿಲ್ಲ.

“ಮಾವಾರ, ಈ ಕಡೆ ತಿರಗ್ರಿ,” ಎಂದಳು. “ಇವತ್ತ ನಾನಾ ಹೇಳತೇನ್ರಿ, ನಾ ಬಸರಿ ಅದೀನ್ರಿ. ಕೂಸಿಗೆ ಏನೂ ಆಗಿಲ್ರಿ.”