ಮಾಮನ ಫೋಟೊಗಳ ಎಡತುದಿ

ರಂಗಸಾಮಿ ಮಾಮ ತೆಗೆದ ಪ್ರತಿ ಫೋಟೊದ ಎಡತುದಿಯಲ್ಲೂ ಹಿಂದಿನ ಫೋಟೊದ ಒಂದು ಚೂರು ಇರುತ್ತಿತ್ತು. ಫೌಂಡ್ರಿಯ ತಗಡಿನ ಚಾವಣಿಯ ಫೋಟೊ ತೆಗೆದರೆ ಪಕ್ಕದಲ್ಲಿ ನೀರಿನ ಟ್ಯಾಂಕಿನ ಒಂದು ಕಾಲು, ಮುಂದಿನದರಲ್ಲಿ ಅದೇ ಚಾವಣಿಯ ಮೂಲೆ. ಮುದುಕರಿಗೆ ಮೊಬೈಲು ಹಿಡಿಯಲು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ.

ತುಡಿಯಲೂರಿನಲ್ಲಿ ಅವರ ಮನೆಯ ಮಹಡಿಯ ಮೇಲೆ ನಾನು ಬಾಡಿಗೆಗಿದ್ದೆ. ಮೈಸೂರಿನಿಂದ ಹೋದವನಿಗೆ ಕೆಳಮನೆಯಿಂದ ಕನ್ನಡ ಕೇಳಿಬಂದದ್ದೇ ದೊಡ್ಡ ಭಾಗ್ಯ. ಭಾನುವಾರ ಬೆಳಿಗ್ಗೆ ನನ್ನ ದೊಡ್ಡ ಕ್ಯಾಮೆರಾ, ಅವರ ಮೊಬೈಲು ಹಿಡಿದು ಇಬ್ಬರೂ ಕಾರ್ಖಾನೆಗಳ ರಸ್ತೆಗೆ ಇಳಿಯುತ್ತಿದ್ದೆವು. ಕರೆಂಟು ಕಂಬ ತಪ್ಪಿಸಲು ನಾನು ಸರ್ಕಸ್ ಮಾಡುತ್ತಿದ್ದರೆ ಅವರಿಗೆ ನಗು. ಅಲ್ಲಿಯ ತಮಿಳರಂತೆ ಪ್ರೀತಿಯಿಂದ ನನ್ನನ್ನು 'ಕಣ್ಣು' ಎಂದೇ ಕರೆಯುತ್ತಿದ್ದರು.

"ಕಂಬ ಏನ್ ಪಾಪ ಮಾಡ್ತು ಕಣ್ಣು? ಅದೂ ಅಲ್ಲೇ ತಾನೆ ನಿಂತಿರೋದು!"

ಒಂದು ದಿನ ಎಡತುದಿಯ ಗುಟ್ಟು ಕೇಳಿದೆ. ಮಾಮ ಮನೆಯಲ್ಲೇ ಸೀರೆ ನೇಯ್ದು ಬದುಕಿದವರು.

"ಸೀರೆ ಮುಗೀತು ಅಂತ ಪೂರಾ ಕತ್ತರಿಸಿಬಿಡ್ತೀವಾ? ಹಳೆ ನೂಲು ಮಗ್ಗದಲ್ಲಿ ಕೊಂಚ ಬಿಡಬೇಕು. ಅದರ ತುದಿಗೆ ಹೊಸ ನೂಲು ಒಂದೊಂದೇ ಸೇರಿಸಬೇಕು. ಇಲ್ಲಾಂದ್ರೆ ಎಲ್ಲಾ ಮೊದಲಿಂದ!"

ಈ ಫೋಟೊಗಳ ನೇಯ್ಗೆಯೆಲ್ಲ ಅವರ ಹೆಂಡತಿ ಲಕ್ಷ್ಮತ್ತೆಗಾಗಿ. ಅತ್ತೆ ನೂಲಿನ ಮಿಲ್ಲಿನಲ್ಲಿ ನಿಂತೇ ದುಡಿದು ಮಂಡಿ ಸವೆಸಿಕೊಂಡವರು. ಈಗ ಹೊಸ್ತಿಲು ದಾಟಲಾರರು. ಮುಚ್ಚಿದ ಮಿಲ್ಲನ್ನು ಕೆಡವುತ್ತಾರೆಂಬ ಸುದ್ದಿ ಬಂದಿತ್ತು. ಅಷ್ಟರೊಳಗೆ ಅವರನ್ನು ಮನೆಬಾಗಿಲಿನಿಂದ ಮಿಲ್ಲಿನ ಗೇಟಿನವರೆಗೆ ಒಮ್ಮೆ ಫೋಟೊದಲ್ಲೇ ನಡೆಸಿಬಿಡಬೇಕೆಂದು ಮಾಮನ ಹಟ. ಕಾಲು ಸಾಗಿದಷ್ಟು, ವಾರಕ್ಕೆ ಮೂರೋ ನಾಲ್ಕೋ ಫೋಟೊ.

ಮೊಬೈಲು ತುಂಬಿತೆಂದು ನಾನೇ ಒಮ್ಮೆ ಬರೀ ಗೋಡೆಯಿದ್ದ ಚಿತ್ರವೊಂದನ್ನು ಅಳಿಸಿಹಾಕಿದೆ. ಸಂಜೆ ಮೊಬೈಲಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತಿದ್ದ ಅತ್ತೆಯ ಬೆರಳು ಫೌಂಡ್ರಿಯ ಹತ್ತಿರ ನಿಂತುಬಿಟ್ಟಿತು. "ಇಲ್ಲಿಂದ ಹಾರಿ ಹೋಗ್ಲಾ?" ಎಂದರು. ಮಾಮ ಮರುದಿನ ಬಿಸಿಲಲ್ಲಿ ಒಬ್ಬರೇ ಹೋಗಿ ಆ ಗೋಡೆಯನ್ನು ಮತ್ತೆ ತಂದರು. ನನ್ನನ್ನು ಬೈದಿದ್ದರೇ ಚೆನ್ನಾಗಿತ್ತು.

ಗೇಟಿಗೆ ಒಂದೇ ಫೋಟೊ ಬಾಕಿಯಿದ್ದಾಗ ಮಾಮ ಎದೆನೋವಿನಿಂದ ತೀರಿಕೊಂಡರು. ಮಿಲ್ಲಿನ ಎದುರಿನ ಟೀ ಅಂಗಡಿಯೇ ಅವರ ಕೊನೆಯ ಚಿತ್ರ. ತಿಂಗಳೊಳಗೆ ಕೆಡವುವ ಯಂತ್ರ ಬಂದಿದೆಯೆಂದು ಕೇಳಿ, ಅವರ ಮೊಬೈಲನ್ನೇ ಹಿಡಿದು ಓಡಿದೆ. ಗೇಟೂ ಅದರ ಹಿಂದಿನ ಹೊಗೆಕೊಳವೆಯೂ ಇನ್ನೂ ನಿಂತಿದ್ದವು. ಎಡತುದಿಯಲ್ಲಿ ಟೀ ಅಂಗಡಿಯ ಬೆಂಚು ಉಳಿಸಿಕೊಂಡು ಒತ್ತಿದೆ. ನಡುವೆ ಕಂಬವೂ ಬಂತು. ಬರಲಿ ಎಂದುಕೊಂಡೆ. ಕಣ್ಣು ತುಂಬಿತ್ತು.

ಅತ್ತೆ ಮನೆಬಾಗಿಲಿನಿಂದ ಶುರುಮಾಡಿ ಒಂದೊಂದೇ ಚಿತ್ರ ದಾಟುತ್ತ ಬಂದರು. ಗೇಟು ಕಂಡಾಗ ಬೆರಳು ಎಡಕ್ಕೆ, ಆ ಖಾಲಿ ಬೆಂಚಿಗೆ ಸರಿಯಿತು.

"ನನ್ನ ಶಿಫ್ಟು ಬಿಡೋ ತನಕ ಅವರು ಇಲ್ಲೇ ತಾನೆ ಕೂತಿರ್ತಿದ್ರು," ಎಂದರು. "ಇವತ್ತೂ ಕೂತಿರ್ಲಿ ಕಣ್ಣು. ನಾನು ಒಳಗೆ ಹೋಗ್ಬಿಟ್ಟು ಬರ್ತೀನಿ."